ಉಭಯ ಕುಶಲೋಪರಿ

ಘಟ್ಟದ ಅಂಚಿನ ಮಾಸ್ತಿಕಟ್ಟೆಯಂಥ ಊರುಗಳಲ್ಲಿ ಹಿಂದೆ ಮಗನನ್ನು ಹೈಸ್ಕೂಲಿಗೆ ಕಳುಹಿಸುವುದೆಂದರೆ ತೀರ್ಥಹಳ್ಳಿಯಲ್ಲೋ ಶಿವಮೊಗ್ಗೆಯಲ್ಲೋ ಬಿಟ್ಟುಬರುವುದೆಂದೇ ಅರ್ಥ. ಹುಡುಗನಿಗೆ ವಾರಾನ್ನ, ಇಲ್ಲವೇ ವಿದ್ಯಾರ್ಥಿನಿಲಯ. ಮನೆಗೂ ಅವನಿಗೂ ನಡುವೆ ಒಂದು ಕಾರ್ಡು. “ತೀರ್ಥರೂಪು ತಂದೆಯವರ ಚರಣಗಳಲ್ಲಿ ಬಾಲಕನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ” ಎಂದು ಅದರ ಆರಂಭ. ಬಳಿಕ ಫೀಜಿನ ಹಣ, ಪರೀಕ್ಷೆಯ ತಾರೀಖು. ಮಳೆಗಾಲದ ರಾತ್ರಿ ಮನೆಯ ನೆನಪಾಗಿ ಅತ್ತದ್ದಕ್ಕೆ ಅದರಲ್ಲಿ ಎಡೆಯಿರಲಿಲ್ಲ. ತಂದೆಯೊಡನೆ ಅಂಥ ಮಾತನಾಡುವ ರೂಢಿಯೇ ನಮ್ಮಲ್ಲಿರಲಿಲ್ಲ.

ಇದು ಬಡತನದ ಫಲ, ಹಳ್ಳಿಗರ ಸಂಕೋಚ ಎನ್ನುವವರು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನತ್ತ ಒಮ್ಮೆ ನೋಡಬೇಕು. ಶ್ರೀಮಂತರ ಮಕ್ಕಳು ಅಲ್ಲಿ ಏಳೆಂಟು ವರ್ಷಕ್ಕೇ ವಸತಿಶಾಲೆ ಸೇರುತ್ತಿದ್ದರು. ಭಾರತದ ಸ್ವಾತಂತ್ರ್ಯವನ್ನು ಹಟತೊಟ್ಟು ವಿರೋಧಿಸಿದ ವಿನ್‌ಸ್ಟನ್ ಚರ್ಚಿಲ್ಲರೂ 1882ರಲ್ಲಿ ಹಾಗೆ ಮನೆ ಬಿಟ್ಟ ಬಾಲಕರೇ. ತಂದೆ ಲಾರ್ಡ್ ರ‍್ಯಾಂಡಾಲ್ಫ್ ಹೆಸರಾಂತ ರಾಜಕಾರಣಿ. 1885ರಲ್ಲಿ, ಮಗ ಓದುತ್ತಿದ್ದ ಬ್ರೈಟನ್ನಿಗೇ ಬಂದಿದ್ದ ತಂದೆ ಅವನನ್ನು ನೋಡದೆ ಹಿಂದಿರುಗಿದರು. ತನಗೆ ಬಹಳ ನಿರಾಶೆಯಾಯಿತೆಂದು ಹುಡುಗ ಬರೆದ. ಬಿಡುವಿರಲಿಲ್ಲವೇನೋ ಎಂದು ತಂದೆಯ ಪರವಾಗಿ ತಾನೇ ಸಮಾಧಾನವನ್ನೂ ಹೇಳಿದ. ಹತ್ತು ವರ್ಷದ ಕೂಸಿನ ಈ ಔದಾರ್ಯ ಓದುವವರ ಕರುಳನ್ನು ಹಿಂಡುತ್ತದೆ.

1893ರಲ್ಲಿ, ಮೂರನೆಯ ಯತ್ನದಲ್ಲಿ, ಆತ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯನ್ನು ದಾಟಿದ. ಅಂಕಗಳು ಪದಾತಿದಳಕ್ಕೆ ಸಾಲದೆ ಅಶ್ವದಳಕ್ಕೆ ಮಾತ್ರ ಸಾಕಾಗಿದ್ದವು. ತಂದೆಯಿಂದ ಬಂದದ್ದು ಮೆಚ್ಚುಗೆಯಲ್ಲ, ನೀನು ಕೆಲಸಕ್ಕೆ ಬಾರದವನಾಗುವೆ ಎಂಬರ್ಥದ ಕಠೋರವಾದ ಪತ್ರ. 1895ರ ಜನವರಿಯಲ್ಲಿ, 45ನೆಯ ವಯಸ್ಸಿನಲ್ಲಿ, ಆ ತಂದೆ ತೀರಿಕೊಂಡರು. ಮಗನಿಗೆ ಇನ್ನು ಬರೆಯಲು ವಿಳಾಸವೇ ಉಳಿಯಲಿಲ್ಲ.

ಮರುವರ್ಷವೇ ಆ ತರುಣ ಅಧಿಕಾರಿ ನಮ್ಮ ಬೆಂಗಳೂರಿಗೆ ಬಂದಿಳಿದ. ದಂಡಿನ ಬಂಗಲೆಯಲ್ಲಿ, ಬಿಸಿಲೇರಿದ ಹಗಲುಗಳಲ್ಲಿ, ಆತ ಹಿಡಿದು ಕುಳಿತದ್ದು ಗಿಬ್ಬನ್ ಬರೆದ ರೋಮನ್ ಸಾಮ್ರಾಜ್ಯದ ಇತಿಹಾಸವನ್ನು. ಅದನ್ನೇ ಆರಿಸಿದ್ದೇಕೆ? ತಂದೆ ಆ ಗ್ರಂಥವನ್ನು ಮೆಚ್ಚಿ ಓದಿದ್ದರೆಂದು ಯಾರೋ ಹೇಳಿದ್ದರು! ಮುಂದೆ 1906ರಲ್ಲಿ ಎರಡು ಸಂಪುಟಗಳಲ್ಲಿ ತಂದೆಯ ಜೀವನಚರಿತ್ರೆಯನ್ನೇ ಪ್ರಕಟಿಸಿದ. ಮಾರೋಲೆಯ ಆಸೆಯಿಲ್ಲದೆ ಮಗನು ತಂದೆಗೆ ಬರೆದ ದೀರ್ಘ ಪತ್ರವೆಂದೇ ಅದನ್ನು ನಾವು ಓದಬಹುದು.

ಇಂದು ಮಾಸ್ತಿಕಟ್ಟೆಯ ಮಕ್ಕಳು ಹಾಸ್ಟೆಲಿನಿಂದ ಮೊಬೈಲಿನಲ್ಲಿ ಮಾತನಾಡುತ್ತಾರೆ. “ಊಟ ಆಯ್ತಾ?” “ಆಯ್ತಪ್ಪ.” “ಓದ್ತಿದೀಯಾ?” “ಹೂಂ.” ಕಾರ್ಡು ಹೋದರೂ ಉಭಯ ಕುಶಲೋಪರಿ ಹೋಗಿಲ್ಲ. ತಂದೆಯಾದವನು ಮೂರನೆಯ ಪ್ರಶ್ನೆಯೊಂದನ್ನು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕಾಯುವುದು ಒಳ್ಳೆಯದು. ಆ ಉತ್ತರಕ್ಕಾಗಿ ಮಗ ಎರಡು ಸಂಪುಟ ಬರೆಯುವಂತಾಗಬಾರದು.