ಕಣ್ಣು ಹೇಳುವ ಕೋನ, ಲೆಕ್ಕ ಹೇಳುವ ಕೋನ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರ ಗಾದೆ. ಶಾಲೆಯ ರೇಖಾಗಣಿತಕ್ಕೆ ಈ ಮಾತು ಬಹಳ ಚೆನ್ನಾಗಿ ಒಪ್ಪುತ್ತದೆ. ಪ್ರಶ್ನೆಪತ್ರಿಕೆಯ ಚಿತ್ರದಲ್ಲಿ ಒಂದು ರೇಖೆ ನೆಟ್ಟಗೆ ನಿಂತಂತೆ ಕಂಡರೆ ಸಾಕು, ಮಕ್ಕಳು ಆ ಕೋನವನ್ನು 90 ಡಿಗ್ರಿ ಎಂದು ಬರೆದುಬಿಡುತ್ತಾರೆ. ಚಿತ್ರ ಅಳತೆಗೆ ಸರಿಯಾಗಿಲ್ಲವೆಂದು ಪಕ್ಕದಲ್ಲಿಯೇ ಅಚ್ಚಾಗಿದ್ದರೂ ಅವಸರದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಅಂಕಗಳು ಸೋರಿಹೋಗುವುದು ಇಲ್ಲಿಯೇ.

ಒಂದು ಲೆಕ್ಕವನ್ನು ನೋಡೋಣ. ವಾಚಕರು ಕಾಗದ, ಸೀಸದ ಕಡ್ಡಿ ಹಿಡಿದು ಕುಳಿತರೆ ಒಳಿತು. ಅಬಕ ಒಂದು ತ್ರಿಕೋನ. ಅ ಮೇಲಿನ ತುದಿ, ಬಕ ಅದರ ಬುಡ. ಚಿತ್ರದಲ್ಲಿ ಮೂರು ಬಾಹುಗಳೂ ಸಮವೆಂಬಂತೆ ಬರೆಯಿರಿ. ಬಕ ರೇಖೆಯನ್ನು ಮುಂದಕ್ಕೆ ಡ ವರೆಗೆ ಎಳೆದು, ಅಡ ಸೇರಿಸಿರಿ. ಕೊಟ್ಟಿರುವ ಸಂಗತಿಗಳು ಮೂರೇ: ಅಬ, ಅಕ ಸಮ, ಕಅ, ಕಡ ಸಮ, ಅ ತುದಿಯಲ್ಲಿ ಬಅಕ ಕೋನ 40 ಡಿಗ್ರಿ. ಡ ಬಳಿಯ ಕೋನವೆಷ್ಟು?

ಕಣ್ಣನ್ನು ನಂಬಿದವರು ಅಬಕ ಸಮಬಾಹು ತ್ರಿಕೋನವೆಂದು ತಿಳಿದು, ಅದರ ಕೋನಗಳನ್ನೆಲ್ಲ 60 ಎಂದು ಹಿಡಿದು, ಡ ಕೋನ 30 ಎನ್ನುತ್ತಾರೆ. ಕೋನಮಾಪಕವಿಟ್ಟು ಅಳೆದರೂ 30 ಬರುತ್ತದೆ! ಆದರೆ ಕೊಟ್ಟ ಮಾತನ್ನು ಹಿಡಿದು ನಡೆಯೋಣ. ತ್ರಿಕೋನದ ಕೋನಗಳ ಮೊತ್ತ 180. ಅದರಲ್ಲಿ 40 ಕಳೆದರೆ 140. ಅಬ, ಅಕ ಸಮವಾದ್ದರಿಂದ ಬುಡದ ಕೋನಗಳೂ ಸಮ, ಒಂದೊಂದು 70. ಆದ್ದರಿಂದ ಅಕಡ ಹೊರಕೋನ 110. ಉಳಿದ 70 ಅಕಡ ತ್ರಿಕೋನದ ಎರಡು ಸಮ ಕೋನಗಳಿಗೆ ಹಂಚಿಹೋಗುತ್ತದೆ. ಡ ಕೋನ 35 ಡಿಗ್ರಿ.

ಹಾಗಾದರೆ ಚಿತ್ರವೇಕೆ? ಯಾವ ರೇಖೆ ಯಾವುದನ್ನು ಎಲ್ಲಿ ಸೇರುತ್ತದೆಂದು ತಿಳಿಯಲು ಚಿತ್ರ ಬೇಕು. ಅಳತೆಗೆ ಮಾತ್ರ ಅದು ಸಾಕ್ಷಿಯಲ್ಲ.

ಪರಸ್ಥಳದಲ್ಲಿರುವ ನಮ್ಮ ಅನೇಕ ಮನೆಗಳಲ್ಲಿ ತಂದೆತಾಯಿ ಕಲಿತದ್ದು ಕನ್ನಡದಲ್ಲಿ, ಮಕ್ಕಳು ಕಲಿಯುವುದು ಬೇರೆ ಭಾಷೆಯಲ್ಲಿ. ಪಾಠ ಹೇಳಿಕೊಡಲು ಹಿರಿಯರು ಇದರಿಂದ ಹಿಂಜರಿಯುವುದುಂಟು. ಹಿಂಜರಿಯಬೇಕಾಗಿಲ್ಲ. ಹೆಸರು ಬದಲಾದರೂ 180 ಬದಲಾಗದು. "ಕಣ್ಣಿಗೆ ಕಾಣುವುದಿಲ್ಲವೇ?" ಎಂದು ಗದರುವುದನ್ನು ಬಿಟ್ಟು, "ಇದು ಹೇಗೆ ಗೊತ್ತಾಯಿತು, ಮಗು?" ಎಂದು ಪ್ರತಿ ಹೆಜ್ಜೆಗೂ ಕೇಳೋಣ. ಕಾರಣ ಹೇಳಲು ಬಾರದ ಅಂಕಿಯನ್ನು ಅಳಿಸಿಬಿಡಲಿ.

ರಜೆಯ ದಿನಕ್ಕೊಂದು ಕಠಿಣವಾದ ಒಗಟು. ಇಂಗ್ಲೆಂಡಿನ ಎಡ್ವರ್ಡ್ ಲ್ಯಾಂಗ್ಲಿಯವರು ಇದನ್ನು 1922ರಲ್ಲಿ 'ಮ್ಯಾಥಮ್ಯಾಟಿಕಲ್ ಗೆಜೆಟ್' ಪತ್ರಿಕೆಯಲ್ಲಿ ಕೊಟ್ಟರು. ಅಬಕ ತ್ರಿಕೋನದಲ್ಲಿ ಅ ಕೋನ 20, ಬುಡದ ಕೋನಗಳು 80, 80. ಬ ದಿಂದ ಬುಡಕ್ಕೆ 60 ಡಿಗ್ರಿಯಲ್ಲಿ ಎಳೆದ ರೇಖೆ ಅಕ ವನ್ನು ಚ ದಲ್ಲಿ ಸೇರುತ್ತದೆ. ಕ ದಿಂದ 50 ಡಿಗ್ರಿಯಲ್ಲಿ ಎಳೆದದ್ದು ಅಬ ವನ್ನು ಟ ದಲ್ಲಿ. ಚಟ ಸೇರಿಸಿದರೆ ಬಚಟ ಕೋನ 30 ಎಂದು ಸಾಧಿಸಬೇಕು. ಬರೀ ಕೂಡಿ ಕಳೆದರೆ ಇದು ಬಗ್ಗುವುದಿಲ್ಲ. ಬ ದಿಂದ ಬುಡಕ್ಕೆ 20 ಡಿಗ್ರಿಯಲ್ಲಿ ಅಕ ದವರೆಗೆ ಇನ್ನೊಂದು ರೇಖೆ ಎಳೆದು, ಸಮವಾದ ಬಾಹುಗಳನ್ನು ಹುಡುಕುತ್ತ ಹೋಗಿರಿ, ದಾರಿ ಸಿಗುತ್ತದೆ.