ಕಿರುಪಿಸ್ತೂಲಿನ ಗುಣದೋಷಗಳು

ಕೈಯಲ್ಲೊಂದು ಆಯುಧವಿದ್ದರೆ ಎದೆಯಲ್ಲಿ ಧೈರ್ಯ ಹೆಚ್ಚುವುದು ಮನುಷ್ಯನ ಸ್ವಭಾವ. ಆದರೆ ಆ ಧೈರ್ಯಕ್ಕೂ ಆಯುಧದ ನಿಜವಾದ ಶಕ್ತಿಗೂ ಎಷ್ಟು ಸಂಬಂಧವುಂಟೆಂದು ವಿಚಾರಿಸುವವರು ವಿರಳ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಎಷ್ಟೋ ಊರುಗಳಲ್ಲಿ ಹೊಲ ಮುಗಿದೆಡೆಯಲ್ಲಿಯೇ ಕಾಡು ಮೊದಲಾಗುತ್ತದೆ. ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ. ಅರಿಸಿನದ ಹೊಲಕ್ಕೋ ಬಾಳೆಯ ತೋಟಕ್ಕೋ ರಾತ್ರಿ ಕಾವಲು ಹೋಗುವ ರೈತನಿಗೆ, ಸೊಂಟದಲ್ಲಿ ಅಡಗುವ ಪಿಸ್ತೂಲೊಂದಿದ್ದರೆ ಸಾಕೆಂದು ತೋರುವುದು ಸಹಜವೇ. ಆದಕಾರಣ ಈ ಜಾತಿಯಲ್ಲಿ ಪ್ರಸಿದ್ಧವಾದ ವಾಲ್ಥರ್ ಪಿಪಿಕೆ ಎಂಬುದನ್ನು ಉದಾಹರಣೆಯಾಗಿಟ್ಟುಕೊಂಡು, ಅದರ ಗುಣದೋಷಗಳನ್ನು ತೂಗಿ ನೋಡೋಣ.

ಮೊದಲು ಗುಣಗಳು. ಜರ್ಮನಿಯ ವಾಲ್ಥರ್ ಕಾರ್ಖಾನೆಯು 1929ರಲ್ಲಿ ಪಿಪಿ ಎಂಬ ಪಿಸ್ತೂಲನ್ನು ಹೊರತಂದು, ಅನಂತರ ಅದನ್ನೇ ಮೊಟಕುಗೊಳಿಸಿ ಪಿಪಿಕೆಯನ್ನು ಮಾಡಿತು. ಇದರ ತೂಕ ಸುಮಾರು 600 ಗ್ರಾಂ, ಮ್ಯಾಗಜೀನಿನಲ್ಲಿ 7.65 ಮಿಲಿಮೀಟರಿನ ಏಳು ತೋಟಾಗಳು ಹಿಡಿಯುತ್ತವೆ. ನಳಿಗೆಯು ಚೌಕಟ್ಟಿಗೆ ಬಿಗಿಯಾಗಿ ನಿಂತಿರುವುದರಿಂದ ಗುರಿ ಅಳತೆಗೆ ಮೀರಿ ಚೆನ್ನಾಗಿದೆ. ತೋಟಾ ತುಂಬಿರುವಾಗಲೂ ಹ್ಯಾಮರನ್ನು ಅಪಾಯವಿಲ್ಲದೆ ಇಳಿಸುವ ಕೀಲಿಯುಂಟು. ಮತ್ತೆ ಹ್ಯಾಮರನ್ನು ಹಿಂದಕ್ಕೆಳೆಯದೆ ಟ್ರಿಗರನ್ನು ಒತ್ತಿದರೇ ಮೊದಲ ಗುಂಡು ಹಾರುತ್ತದೆ. ತೋಟಾ ನಳಿಗೆಯಲ್ಲಿರುವುದನ್ನು ಹಿಂಬದಿಯ ಸಣ್ಣ ಕಡ್ಡಿಯೊಂದು ಬೆರಳಿಗೆ ತಿಳಿಸುತ್ತದೆ.

ಇನ್ನು ದೋಷಗಳು. ಆ ಮೊದಲ ಗುಂಡಿಗೆ ಟ್ರಿಗರು ಬಹಳ ಬಿಗಿ. ಅಭ್ಯಾಸವಿಲ್ಲದವನ ಕೈ ಅಲುಗಿ ಗುರಿ ತಪ್ಪುತ್ತದೆ. ಹಿಂದಕ್ಕೆ ಬರುವ ಮೇಲ್ಭಾಗವನ್ನು ತಡೆಯುವುದು ಕೇವಲ ಅದರ ತೂಕವೂ ಸ್ಪ್ರಿಂಗೂ ಆದುದರಿಂದ, ಆ ಸ್ಪ್ರಿಂಗು ಗಡುಸಾಗಿರುತ್ತದೆ. ಹಿಡಿ ಚಿಕ್ಕದು, ದೊಡ್ಡ ಕೈಯವರಿಗೆ ಹೆಬ್ಬೆರಳಿನ ಸಂದಿಯ ಚರ್ಮ ತರಚುವುದೂ ಉಂಟು. ಗುರಿಗಣ್ಣುಗಳು ಸಣ್ಣವು; ಕತ್ತಲಲ್ಲಿ ಅವು ಇದ್ದೂ ಇಲ್ಲದಂತೆ.

ಎಲ್ಲಕ್ಕಿಂತ ದೊಡ್ಡ ಮಾತು ಶಕ್ತಿಯದು. ಈ ಗುಂಡಿನ ಹೊಡೆತ ಸುಮಾರು 200 ಜೌಲಿಗಿಂತ ಮೀರದು. ದೊಡ್ಡ ಮೃಗಗಳಿಗಾಗಿ 1912ರಲ್ಲಿ ಬಂದ .375 ಮ್ಯಾಗ್ನಂ ರೈಫಲಿನ ಹೊಡೆತ ಇದಕ್ಕೆ ಮೂವತ್ತರಷ್ಟು ಹತ್ತಿರ. ಆನೆಯ ಮುಂದೆ ಈ ಪಿಸ್ತೂಲು ಆಟಿಕೆಯೇ ಸರಿ. ಕಾಡುಹಂದಿಯನ್ನು ಇದರಿಂದ ಗಾಯಗೊಳಿಸಿದರೆ ಸಿಟ್ಟಿಗೆದ್ದ ಪ್ರಾಣಿ ಮೈಮೇಲೆ ಬೀಳುತ್ತದೆ. ಎಂದರೆ, ನೆಚ್ಚಿಕೊಂಡ ಆಯುಧವೇ ಅಪಾಯವನ್ನು ಹತ್ತಿರಕ್ಕೆ ಕರೆಯುತ್ತದೆ.

ಕಾನೂನನ್ನೂ ಮರೆಯಲಾಗದು. 1959ರ ಆಯುಧ ಕಾಯಿದೆಯಂತೆ ಲೈಸೆನ್ಸು ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ, ಅಭಯಾರಣ್ಯದಿಂದ ಹತ್ತು ಕಿಲೋಮೀಟರಿನೊಳಗೆ ವಾಸಿಸುವ ಲೈಸೆನ್ಸುದಾರರು ವನ್ಯಜೀವಿ ಅಧಿಕಾರಿಗಳಲ್ಲಿ ಹೆಸರು ನೋಂದಾಯಿಸಬೇಕು. ಆ ಮೇರೆಯೊಳಗೆ ಹೊಸ ಲೈಸೆನ್ಸು ಅವರ ಒಪ್ಪಿಗೆಯಿಲ್ಲದೆ ದೊರೆಯದು. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಆತ್ಮರಕ್ಷಣೆಗಾಗಿಯೋ ಇನ್ನೊಬ್ಬರ ಪ್ರಾಣರಕ್ಷಣೆಗಾಗಿಯೋ ಸದ್ಭಾವದಿಂದ ಮೃಗವನ್ನು ಕೊಂದರೆ ಅಪರಾಧವಲ್ಲವೆಂದು ಅದೇ ಕಾಯಿದೆ ಹೇಳುತ್ತದೆ. ಆದರೆ ಬೆಳೆಯ ರಕ್ಷಣೆಗೆ ಆ ಮಾತು ಅನ್ವಯಿಸದು.

ಮನೆಯಲ್ಲಿ ಮಕ್ಕಳಿದ್ದರಂತೂ ಚಿಕ್ಕ ಪಿಸ್ತೂಲು ದೊಡ್ಡ ಬಂದೂಕಿಗಿಂತ ಹೆಚ್ಚಿನ ಭಯಕ್ಕೆ ಕಾರಣ. ಬಂದೂಕು ಗೋಡೆಯಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಪಿಸ್ತೂಲು ದಿಂಬಿನಡಿ ಅಡಗಿ ಮರೆತುಹೋಗುತ್ತದೆ, ಮಗುವಿನ ಕೈಯಲ್ಲಿ ಸಿಕ್ಕುತ್ತದೆ. ಬೀಗ ಹಾಕಿಡದ ಯಾವ ಆಯುಧವೂ ಮನೆಯವರದಲ್ಲ, ಮೊದಲು ಕಂಡವರದು.

ಹೀಗೆ ತೂಗಿದರೆ, ಒಯ್ಯಲು ಸುಲಭವೆಂಬುದೇ ಈ ಪಿಸ್ತೂಲಿನ ಗುಣಗಳಲ್ಲಿ ಮುಖ್ಯವಾದುದು. ಅದು ಪೊಲೀಸಿನವನಿಗೆ ಒದಗಿತು. ಕಾಡಂಚಿನ ರೈತನಿಗೆ ಒದಗದು. ಅವನ ರಾತ್ರಿಗೆ ಬೇಕಾದುದು ಪ್ರಖರವಾದ ಟಾರ್ಚು, ಜೊತೆಗೆ ಇಬ್ಬರು ಕಾವಲುಗಾರರು, ಆನೆ ಕಂದಕ, ಸೌರಬೇಲಿ, ಮತ್ತು ಅರಣ್ಯ ಇಲಾಖೆಯವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಸುದ್ದಿ. ಧೈರ್ಯ ಬೇಕು ನಿಜ. ಆದರೆ ಅದು ಸೊಂಟದಲ್ಲಿ ಬಚ್ಚಿಟ್ಟ ಕಬ್ಬಿಣದಿಂದ ಬರಬಾರದು, ಅಪಾಯವನ್ನು ಅರಿತ ಬುದ್ಧಿಯಿಂದ ಬರಬೇಕು.