ನಿಯಂತ್ರಣ ಸಾಧನಕ್ಕೆ ಆರ್‌ಟಿಒಎಸ್ ಅಗತ್ಯವೇ? ಹಣ ಹೂಡುವ ಮುನ್ನ ಪರಿಶೀಲಿಸತಕ್ಕ ಅಂಶಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಭಾಗದ ಸಣ್ಣ ಉದ್ಯಮಿಗಳು ಎಲೆಕ್ಟ್ರಾನಿಕ್ ನಿಯಂತ್ರಣ ಸಾಧನವೊಂದನ್ನು ಸ್ವಂತ ಹೆಸರಿನಲ್ಲಿ ತಯಾರಿಸಲು ಮುಂದಾದಾಗ, ವಿನ್ಯಾಸಕಾರರ ದರಪಟ್ಟಿಯಲ್ಲಿ 'ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್' ಅರ್ಥಾತ್ ಆರ್‌ಟಿಒಎಸ್ ಎಂಬ ಬಾಬತ್ತು ಕಾಣಿಸಿಕೊಳ್ಳಬಹುದು. ಅದರ ಅಗತ್ಯವನ್ನು ಅರಿಯದೆ ಒಪ್ಪುವುದಾಗಲಿ, ತಿರಸ್ಕರಿಸುವುದಾಗಲಿ ಉಚಿತವಲ್ಲ.

ಒಂದೇ ಚಿಪ್ ನಿರ್ವಹಿಸಬೇಕಾದ ಹಲವು ಕೆಲಸಗಳಿಗೆ ಆದ್ಯತೆ ಗೊತ್ತುಪಡಿಸಿ, ತುರ್ತು ಕೆಲಸ ಬಂದೊಡನೆ ಉಳಿದುದನ್ನು ತಡೆಹಿಡಿಯುವ ತಂತ್ರಾಂಶವೇ ಆರ್‌ಟಿಒಎಸ್. ಅದರ ಗುಣ ವೇಗವಲ್ಲ. ನಿಗದಿತ ಅವಧಿಯೊಳಗೆ ಕೆಲಸ ಮುಗಿಸುವುದು.

ಹತ್ತಿ ತೂಗುವ ಎಲೆಕ್ಟ್ರಾನಿಕ್ ಕಾಟಾವನ್ನು ಪರಿಗಣಿಸೋಣ. ಲೋಡ್ ಸೆಲ್‌ನ ಅಳತೆ ಓದಿ ಅಂಕಿ ತೋರಿಸುವುದಷ್ಟೇ ಅದರ ಕೆಲಸ. ಒಂದರ ನಂತರ ಒಂದನ್ನು ಮಾಡುತ್ತಾ ಸುತ್ತುವ ಸರಳ ಪ್ರೋಗ್ರಾಂ ಸಾಕು.

ಮಲಪ್ರಭೆಯ ದಂಡೆಯ ಪಂಪ್‌ಸೆಟ್‌ಗೆ ಜೋಡಿಸುವ ಮೊಬೈಲ್ ಸ್ಟಾರ್ಟರ್‌ನ ಸಂಗತಿ ಬೇರೆ. ಮೂರರಲ್ಲಿ ಒಂದು ಫೇಸ್ ತಪ್ಪಿದರೆ ಮೋಟಾರನ್ನು ತ್ವರಿತವಾಗಿ ನಿಲ್ಲಿಸಬೇಕು. ಇಲ್ಲವಾದರೆ ವೈಂಡಿಂಗ್ ಸುಡುತ್ತದೆ. ಆದರೆ ಮೋಡೆಮ್‌ನ ಉತ್ತರಕ್ಕೆ ಹಲವು ಸೆಕೆಂಡುಗಳೇ ಹಿಡಿಯಬಹುದು. ಪ್ರೋಗ್ರಾಂ ಅಲ್ಲಿಯೇ ಕಾಯುತ್ತಾ ನಿಂತರೆ ಫೇಸ್ ಕಾಯುವವರಾರು? ಕೆಲಸಗಳು ಇವೆರಡೇ ಆಗಿದ್ದಲ್ಲಿ ಟೈಮರ್ ಇಂಟರಪ್ಟ್ ಮೂಲಕ ಫೇಸ್ ಪರೀಕ್ಷಿಸುತ್ತಾ, ಮೋಡೆಮ್ ಕೆಲಸವನ್ನು ಸಣ್ಣ ಹಂತಗಳಾಗಿ ಒಡೆದರೆ ಆರ್‌ಟಿಒಎಸ್ ಇಲ್ಲದೆಯೂ ನಡೆಯುತ್ತದೆ. ವಾಲ್ವ್ ವೇಳಾಪಟ್ಟಿ, ದಾಖಲೆ, ಅಂತರ್ಜಾಲ ಸಂಪರ್ಕ ಇತ್ಯಾದಿ ಸೇರುತ್ತಾ ಹೋದಂತೆ ಆರ್‌ಟಿಒಎಸ್ ಅನುಕೂಲಕರ. ಏನೇ ಇದ್ದರೂ ಓವರ್‌ಲೋಡ್ ರಿಲೇ ಪ್ರತ್ಯೇಕವಾಗಿಯೇ ಇರತಕ್ಕದ್ದು.

ಇನ್ನು ವೆಚ್ಚದ ವಿಚಾರ. ರಿಚರ್ಡ್ ಬ್ಯಾರಿಯವರು 2003ರಲ್ಲಿ ರೂಪಿಸಿದ 'ಫ್ರೀಆರ್‌ಟಿಒಎಸ್' 2017ರಿಂದ ಅಮೆಜಾನ್‌ನ ಆಶ್ರಯದಲ್ಲಿದ್ದು, ಅದಕ್ಕೆ ರಾಯಧನವಿಲ್ಲ. ಆದರೆ ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕ ಸ್ಮೃತಿ ಮೀಸಲಿಡಬೇಕು. ಆರ್ಡುಯಿನೊ ಯುನೊ ಆರ್3ರ ಚಿಪ್‌ನಲ್ಲಿರುವುದು ಕೇವಲ 2 ಕಿಲೋಬೈಟ್ ರ‍್ಯಾಮ್. ದೊಡ್ಡ ಚಿಪ್‌ಗೆ ಸಾಧನವೊಂದಕ್ಕೆ 20 ರೂಪಾಯಿ ಹೆಚ್ಚಾಯಿತೆಂದು ಭಾವಿಸಿದರೂ 5,000 ಸಾಧನಗಳಿಗೆ ಒಂದು ಲಕ್ಷ ರೂಪಾಯಿ. ಇನ್ನೊಂದೆಡೆ, ಅತಿ ಜಟಿಲ ಪ್ರೋಗ್ರಾಂ ತಿದ್ದುವ ಎಂಜಿನಿಯರರ ದಿನಗೂಲಿಯೂ ವೆಚ್ಚವೇ. ಎರಡನ್ನೂ ತೂಗಿ ನೋಡಬೇಕು.

ಆರ್‌ಟಿಒಎಸ್ ಇದ್ದಮಾತ್ರಕ್ಕೆ ದೋಷವಿರದೆಂಬ ಭರವಸೆಯೂ ಇಲ್ಲ. 1997ರಲ್ಲಿ ಮಂಗಳ ಗ್ರಹಕ್ಕಿಳಿದ ಪಾತ್‌ಫೈಂಡರ್‌ನಲ್ಲಿ ಅದಿದ್ದರೂ, ಕೆಳ ಆದ್ಯತೆಯ ಕೆಲಸವು ಮೇಲಿನದನ್ನು ತಡೆದು ಗಣಕವು ಮತ್ತೆ ಮತ್ತೆ ಪುನರಾರಂಭಗೊಂಡಿತು.

ಆದುದರಿಂದ ಮುಂಗಡ ನೀಡುವ ಮುನ್ನ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಿರಿ: ಪ್ರತಿ ಕೆಲಸಕ್ಕೆ ಸಹಿಸಬಹುದಾದ ಗರಿಷ್ಠ ವಿಳಂಬವೆಷ್ಟು, ಮೀರಿದರೆ ನಷ್ಟವೇನು? ಏಕಕಾಲಕ್ಕೆ ಎಷ್ಟು ಕೆಲಸಗಳು ಎದುರಾಗುತ್ತವೆ? ಮುಂದೆ ಯಾವ ಸೌಲಭ್ಯಗಳು ಸೇರಲಿವೆ? ಮೊದಲ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಬಾರದಿದ್ದರೆ ಆ ದರಪಟ್ಟಿಗೆ ಸಹಿ ಹಾಕಲು ಕಾಲ ಇನ್ನೂ ಕೂಡಿಬಂದಿಲ್ಲವೆಂದೇ ತಿಳಿಯಬೇಕು.